ಮೇಷ್ಟ್ರು ನುಂಗಿದ ತಪ್ಪುಗಳು

ಟೈರು ಅಂಗಡಿಯ ಮೇಲಿನ ಮಹಡಿಯಲ್ಲಿದ್ದ ಆ ಕಚೇರಿಯಲ್ಲಿ ಎಲ್ಲರೂ ಅವಳನ್ನು ಪೊರಕೆ ಅಕ್ಕ ಎಂದೇ ಕರೆಯುತ್ತಿದ್ದರು. ಬೇರೆಯವರು ಸಿ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಬರೆದು ಬಿಟ್ಟುಹೋದ ಕೋಡನ್ನು ಓದಿ ಕೊಳೆ ತೆಗೆಯುವುದು ಇಪ್ಪತ್ತು ವರ್ಷದಿಂದ ಅವಳ ಕೆಲಸ. ಹೆಸರಿನ ಬಗ್ಗೆ ಅವಳಿಗೆ ಬೇಸರವಿರಲಿಲ್ಲ. ಕೊಳೆಯ ಬಗ್ಗೆ ಇತ್ತು. ಪಕ್ಕದ ಮೇಜಿನವನು ಮೂರು ದಿನದ ಚಹಾ ಕಪ್ಪಿನಲ್ಲಿ ಬೂಸ್ಟು ಬೆಳೆಸಿದರೆ ತಾನೇ ಎದ್ದು ತಿಕ್ಕಿ ತೊಳೆದಿಡುತ್ತಿದ್ದಳು. ತೆರೆದ ಫೈಲನ್ನು ಮುಚ್ಚದೆ ಎದ್ದುಹೋದ ಕೋಡು ಕಂಡರೂ ಅಷ್ಟೇ.

ಅವರ ಕಂಪನಿ ಮಾಡುತ್ತಿದ್ದದ್ದು ಡೀಬಗರ್. ಕಾರ್ಖಾನೆಯ ಯಂತ್ರ ನಡೆಸುವ ಪ್ರೋಗ್ರಾಂ ಎಲ್ಲಿ ಎಡವುತ್ತಿದೆ ಎಂದು ತಿಳಿಯಲು, ಅದನ್ನು ಬೇಕಾದಲ್ಲಿ ತಡೆದು ಒಳಗೆ ಇಣುಕುವ ಇನ್ನೊಂದು ಪ್ರೋಗ್ರಾಂ. ತಡೆಯಬೇಕಾದ ಜಾಗದಲ್ಲಿದ್ದ ಆಜ್ಞೆಯನ್ನು ಕಿತ್ತು ಅದು ‘ನಿಲ್ಲು’ ಎಂಬ ಗುರುತು ಇಡುತ್ತದೆ. ಹೊರಡುವ ಮುಂಚೆ ಕಿತ್ತದ್ದನ್ನು ವಾಪಸು ಕೂರಿಸಲೇಬೇಕು; ಇಲ್ಲದಿದ್ದರೆ ಯಂತ್ರದ ಪ್ರೋಗ್ರಾಂ ಆ ಗುರುತನ್ನು ಮುಟ್ಟಿದೊಡನೆ ಸತ್ತು ಬೀಳುತ್ತದೆ.

ನಡುವೆ ತಪ್ಪು ಬಂದರೆ ಸಿ ಭಾಷೆಯಲ್ಲಿ ಅದಕ್ಕೆ ಸಿದ್ಧ ಏರ್ಪಾಡಿಲ್ಲ. ಎಲ್ಲವನ್ನೂ ಅರ್ಧಕ್ಕೆ ಬಿಟ್ಟು ಪ್ರೋಗ್ರಾಮಿನ ಆಳದಿಂದ ನೇರ ಶುರುವಿನ ಜಾಗಕ್ಕೆ ಜಿಗಿಯಬೇಕು; ತೆರೆದದ್ದು, ಕಿತ್ತದ್ದು ಹಾಗೇ ಉಳಿದುಬಿಡುತ್ತದೆ. ಅದಕ್ಕೇ ಡೀಬಗರನ್ನು ಮೊದಲು ಬರೆದ ಮೇಷ್ಟ್ರು ಒಂದು ಪಟ್ಟಿಯ ಉಪಾಯ ಮಾಡಿದ್ದರು. ಏನನ್ನು ತೆರೆದರೂ, ಏನನ್ನು ಕಿತ್ತರೂ, ಅದನ್ನು ಸರಿಪಡಿಸುವ ಬಗೆಯನ್ನು ಆಗಲೇ ಪಟ್ಟಿಗೆ ಸೇರಿಸುವುದು; ತಪ್ಪು ಬಂದಾಗ ಕೊನೆಯಿಂದ ಹಿಂದಕ್ಕೆ ಒಂದೊಂದನ್ನೇ ಮಾಡುತ್ತಾ ಬಂದು ಎಲ್ಲವನ್ನೂ ಚೊಕ್ಕಟ ಮಾಡುವುದು. ಅವಳಿಗೆ ಈ ಕಸುಬು ಕಲಿಸಿದವರೂ ಅವರೇ. ನಿವೃತ್ತರಾಗಿ ಆರು ವರ್ಷವಾದರೂ ಅವರ ಕೋಡಿಗೆ ಯಾರೂ ಕೈ ಹಚ್ಚುತ್ತಿರಲಿಲ್ಲ.

ಒಂದು ಸೋಮವಾರ, ಗಾಜಿನ ಬಾಟಲಿ ತೊಳೆಯುವ ಕಾರ್ಖಾನೆಯಿಂದ ದೂರು ಬಂತು. ಅಲ್ಲಿನ ಮೆಕ್ಯಾನಿಕ್ ಓಡುತ್ತಿರುವ ಯಂತ್ರಕ್ಕೆ ಡೀಬಗರ್ ಜೋಡಿಸಿ, ನೋಡಿ, ಬಿಡಿಸಿದ್ದ. ಹತ್ತು ನಿಮಿಷಕ್ಕೆ ತೊಳೆಯುವ ಪ್ರೋಗ್ರಾಂ ಸತ್ತು ಬಿತ್ತು. ಬೆಲ್ಟು ಮಾತ್ರ ಓಡುತ್ತಲೇ ಇತ್ತು. ಬಾಟಲಿಗಳು ಒಂದರ ಮೇಲೊಂದು ಬಿದ್ದು ಪುಡಿಪುಡಿಯಾದವು.

“ಅವನೇ ಏನೋ ಎಡವಟ್ಟು ಮಾಡಿರ್ತಾನೆ ಅಕ್ಕ. ಹಾಗಂತ ಬರೆದು ಕೈ ತೊಳ್ಕೊಳ್ಳಿ,” ಎಂದ ಮ್ಯಾನೇಜರು.

“ನಮ್ಮ ಡೀಬಗರ್ ಏನು ತಪ್ಪು ತೋರಿಸ್ತಂತೆ?”

“ಏನೂ ಇಲ್ಲ. ಎಲ್ಲ ಸರಿ ಅಂತಲೇ ಬಂತಂತೆ.”

“ಅದೇ ನಂಗೆ ವಾಕರಿಕೆ ಬರ್ಸೋದು,” ಎಂದಳು.

ಮೂರು ದಿನ ಹುಡುಕಿದಳು. ಸಿಕ್ಕಿದ್ದು ಮೇಷ್ಟ್ರ ಕೋಡಿನಲ್ಲೇ. ಯಾವ ತಪ್ಪು ಬಂದರೂ ಹಿಡಿದು, ಪಟ್ಟಿಯಲ್ಲಿದ್ದ ಒಂದು ಕೆಲಸವನ್ನೂ ಮಾಡದೆ ಪಟ್ಟಿಯನ್ನೇ ಬಿಸಾಕಿ, ‘ಎಲ್ಲ ಸರಿ’ ಎಂದು ಉತ್ತರ ಕೊಡುವ ನಾಲ್ಕು ಸಾಲು. ಅಂಥದ್ದು ನಲವತ್ತೊಂದು ಕಡೆ. ಪಕ್ಕದಲ್ಲಿ ‘ಸದ್ಯಕ್ಕೆ ಹೀಗಿರಲಿ’ ಎಂಬ ಟಿಪ್ಪಣಿ, ಹದಿನೆಂಟು ವರ್ಷ ಹಳೆಯದು.

“ಮುಖ ಯಾಕೆ ಒಡೆದ ಹಾಲಿನ ಹಾಗಿದೆ?” ಎಂದು ಆ ರಾತ್ರಿ ಮನೆಯಲ್ಲಿ, ಬಸ್ ಡ್ರೈವರ್ ಆಗಿದ್ದ ಗಂಡ ಕೇಳಿದ. ಅವಳು ಎಲ್ಲವನ್ನೂ ಹೇಳಿದ ಮೇಲೆ ಅವನೆಂದ, “ಹೋಗಿ ಅವ್ರನ್ನೇ ಕೇಳು. ಇಲ್ಲಿ ಪಾತ್ರೆ ಕುಕ್ಕಿದ್ರೆ ಪಾತ್ರೆಗೇನು ಗೊತ್ತು?”

ಶನಿವಾರ ಬೆಳಿಗ್ಗೆ ಹೋದಳು. ಬಾಲ್ಕನಿಯ ಕುಂಡಗಳಿಗೆ ನೀರು ಹಾಕುತ್ತಿದ್ದ ಮೇಷ್ಟ್ರು “ಬಾರಮ್ಮ ಬಾ” ಎಂದು ಒಳಗೆ ಕರೆದರು. ಅವಳು ಕಾರ್ಖಾನೆಯಲ್ಲಿ ಬಾಟಲಿ ಒಡೆದದ್ದನ್ನು ಹೇಳಿ, ಚೀಲದಿಂದ ಆ ನಾಲ್ಕು ಸಾಲಿನ ಹಾಳೆ ತೆಗೆದು ಮುಂದಿಟ್ಟಳು. ಅವರು ಕನ್ನಡಕ ಏರಿಸಿ ನೋಡಿ ನಕ್ಕುಬಿಟ್ಟರು.

“ಓಹೋ, ಇದಾ! ಯಂತ್ರ ಉತ್ತರ ಕೊಡ್ದೇ ಇದ್ದಾಗ ಸ್ವಚ್ಛ ಮಾಡಕ್ಕೆ ಹೋದ್ರೆ ಅಲ್ಲೂ ಒಂದು ತಪ್ಪು ಬರ್ತಿತ್ತು. ತಪ್ಪು ಕಂಡ್ರೆ ಗಿರಾಕಿ ಫೋನ್ ಮಾಡ್ತಾನೆ. ಕಾಣ್ದಿದ್ರೆ ಮಾಡಲ್ಲ. ಸ್ವಚ್ಛ ಮಾಡೋದನ್ನೇ ಕಿತ್ತು ಬಿಸಾಕ್ದೆ.”

“ನಮಗೆ ಮಾತ್ರ ಹಾಗೆ ಮಾಡ್ಬೇಡಿ ಅಂತಿದ್ರಲ್ಲ ಸಾರ್?”

“ಪಾಠ ಪಾಠಾನೇ ಕಣಮ್ಮ. ಹದಿನೆಂಟು ವರ್ಷದಲ್ಲಿ ಒಬ್ಬನಾದ್ರೂ ಕೇಳಿದ್ನಾ?” ಅವರ ದನಿಯಲ್ಲಿ ಹೆಮ್ಮೆಯಿತ್ತು.

“ಆ ಬೆಲ್ಟಿನ ಪಕ್ಕ ಒಬ್ಬಳು ಕೆಲಸ ಮಾಡ್ತಿದ್ಲಂತೆ.”

“ಅಯ್ಯೋ, ಏನಾಯ್ತು?”

“ಏನೂ ಆಗ್ಲಿಲ್ಲ.”

“ಮತ್ತೆ!” ಎಂದರು ಮೇಷ್ಟ್ರು, ವಾದ ಗೆದ್ದವರಂತೆ. ಬಿಸ್ಕತ್ತಿನ ತಟ್ಟೆ ಮುಂದಕ್ಕೆ ತಳ್ಳಿದರು.

ಅವಳು ಬಿಸ್ಕತ್ತು ಮುಟ್ಟಲಿಲ್ಲ. ಈ ಮನುಷ್ಯ ಹೇಳಿಕೊಟ್ಟದ್ದನ್ನು ತಾನು ಹೊಸಬರಿಗೆಲ್ಲ ಹೇಳಿಕೊಟ್ಟಿದ್ದು ನೆನಪಾಗಿ ಮೈಯೆಲ್ಲ ಜಿಡ್ಡಾದಂತೆ ಅನಿಸಿತು. ಬೀಳ್ಕೊಡುವಾಗ ಅವರು ಭುಜ ತಟ್ಟಿದರು. ಮೆಟ್ಟಿಲು ಇಳಿಯುತ್ತ ಅವಳು ಆ ಭುಜವನ್ನು ಎರಡು ಸಲ ಒರೆಸಿಕೊಂಡಳು.

ಆರು ವಾರ ಕೂತು ನಲವತ್ತೊಂದನ್ನೂ ಕಿತ್ತಳು. ಸ್ವಚ್ಛ ಮಾಡುವಾಗಲೇ ತಪ್ಪು ಬಂದರೆ ಅಲ್ಲಿಗೇ ನಿಲ್ಲದೆ ಪಟ್ಟಿಯ ಉಳಿದ ಕೆಲಸ ಮುಗಿಸಿ, ಯಾವುದನ್ನು ವಾಪಸು ಕೂರಿಸಲಾಗಲಿಲ್ಲ ಎಂದು ಕೊನೆಗೆ ಪರದೆಯ ಮೇಲೆ ಹೇಳುವಂತೆ ಮಾಡಿದಳು. ಹೊಸ ಡೀಬಗರ್ ಗಿರಾಕಿಗಳ ಕೈ ಸೇರಿದ್ದೇ ತಡ, ಫೋನುಗಳು ಬಡಿದುಕೊಳ್ಳತೊಡಗಿದವು.

“ಮೇಷ್ಟ್ರ ಕಾಲದಲ್ಲಿ ಇಷ್ಟು ತಪ್ಪೇ ಇರ್ಲಿಲ್ಲ,” ಎಂದು ಮ್ಯಾನೇಜರು ಕೂಗಾಡಿದ. “ಹಳೇದನ್ನೇ ಹಾಕಿ.”

“ಇತ್ತು. ನುಂಗಿ ನೀರು ಕುಡೀತಿದ್ರು. ಹಳೇದು ಬೇಕಂದ್ರೆ ನೀವೇ ಹಾಕಿ, ನಿಮ್ಮ ಹೆಸರಲ್ಲಿ.”

ಅವನು ಹಾಕಲಿಲ್ಲ. ಒಂದು ವಾರ ಅವಳ ಜೊತೆ ಮಾತೂ ಆಡಲಿಲ್ಲ.

ತಿಂಗಳ ಕೊನೆಗೆ ಬಾಟಲಿ ಕಾರ್ಖಾನೆಯ ಮೆಕ್ಯಾನಿಕ್ ಫೋನ್ ಮಾಡಿದ. “ಮೂರು ಜಾಗ ವಾಪಸು ಕೂರ್ಸಕ್ಕಾಗಿಲ್ಲ ಅಂತ ಬಂತು ಮೇಡಂ. ಬೆಲ್ಟು ನಿಲ್ಸಿ ಮೊದಲಿಂದ ಶುರು ಮಾಡ್ದೆ. ಹೋದ್ಸಲ ಇಲ್ಲಿ ಎಲ್ರೂ ತಪ್ಪು ನಂದೇ ಅಂದಿದ್ರು, ಅದಕ್ಕೇ ಹೇಳೋಣಾಂತ.”

“ನಿಮ್ದಲ್ಲ,” ಎಂದಳು. “ನಮ್ದು. ಬರೆದು ಕಳಿಸ್ತೀನಿ.”

ಕಳಿಸಿದಳು, ಮ್ಯಾನೇಜರನ್ನು ಕೇಳದೆ. ಮೇಷ್ಟ್ರಿಗೆ ಸುದ್ದಿ ಹೇಗೋ ತಲುಪಿತು. ಅವರು ಎರಡು ಸಲ ಫೋನ್ ಮಾಡಿದರು. ಅವಳು ಎತ್ತಲಿಲ್ಲ.