ಜಟ್ಟಪ್ಪನ ಗಟ್ಟಿ ಕ್ಯಾಮೆರಾ
ಊರಿಗೆಲ್ಲ ಡಿಜಿಟಲ್ ಬರುತ್ತಿರುವ ಈ ಕಾಲದಲ್ಲೂ ಕಾರವಾರದಿಂದ ಅಂಕೋಲೆಯವರೆಗೆ ಮದುವೆಯ ಫೋಟೋಕ್ಕೆ ನಮ್ಮ ಕೋಡಿಬಾಗದ ಜಟ್ಟಪ್ಪನೇ ಬರಬೇಕು, ಬಂದವನು ಮೊದಲು ತನ್ನ ಹಳೇ ರೇಂಜ್‌ಫೈಂಡರ್ ಕ್ಯಾಮೆರಾದ ಪುರಾಣ ಹೇಳಬೇಕು. ಹಿಲ್ಲೂರು ಬಸ್ಸಿನ ಕಿಟಕಿಯಿಂದ ಅದು ಬಿದ್ದಾಗ ರಸ್ತೆಗೇ ಹೊಂಡ ಬಿತ್ತಂತೆ. ಕಾಳಿ ನದಿಯಲ್ಲಿ ದೋಣಿ ಮಗುಚಿದಾಗ ಇವನನ್ನು ದಡಕ್ಕೆ ಎಳೆದು ತಂದದ್ದೂ ಅದೇ ಅಂತೆ! "ಸೆಲ್ ಬೇಡ, ಚಾರ್ಜು ಬೇಡ, ಗಂಜಿಯೂ ಬೇಡ ಇದಕ್ಕೆ," ಎನ್ನುತ್ತಾನೆ. ಅದರ ಕಿಂಡಿಯಲ್ಲಿ ನೋಡಿದರೆ ಒಬ್ಬ ಮನುಷ್ಯ ಇಬ್ಬರಾಗಿ ಕಾಣುತ್ತಾನೆ. ಲೆನ್ಸಿನ ಉಂಗುರ ತಿರುಗಿಸಿ ಇಬ್ಬರನ್ನೂ ಕೂಡಿಸಿದರೆ ಫೋಟೋ ಸ್ಪಷ್ಟ. ಆದರೆ ಎರಡು ವರ್ಷದಿಂದ ಅವನು ಕಿಂಡಿಯನ್ನು ನಂಬುವುದಿಲ್ಲ. ಮೀನುಗಾರರು ನೀರಿನ ಆಳ ನೋಡುವ ಗಂಟಿನ ಹಗ್ಗ ತಂದು, ಮದುಮಗಳ ಮೂಗಿನ ತನಕ ಮಾರು ಅಳೆದೇ ಉಂಗುರವನ್ನು ಅಷ್ಟು ದೂರದ ಅಂಕಿಗೆ ತಿರುಗಿಸುತ್ತಾನೆ. "ಕಾಕಾ, ಫೋಟೋ ಹಿಡೀತೀಯೋ, ಬಂಗಡೆ ಹಿಡೀತೀಯೋ?" ಎಂದು ಜನ ನಗುತ್ತಾರೆ. "ಇದು ಹಳೇ ಶಾಸ್ತ್ರ, ನಿಮಗೇನು ಗೊತ್ತು," ಎಂದು ಹಾರಿಸಿಬಿಡುತ್ತಾನೆ. ಮೊನ್ನೆ ಅಂಕೋಲೆಯಲ್ಲಿ ಮದುಮಗಳ ತಮ್ಮ ನಿತೇಶ, ಕೈಯಲ್ಲಿ ಹೊಸ ಡಿಜಿಟಲ್ ಹಿಡಿದವನು, "ಕಾಕಾ, ನಿನ್ನ ಕ್ಯಾಮೆರಾದ ಗಾಜಿಗೆ ಬೂಷ್ಟು ಹಿಡಿದದೆ, ಅದಕ್ಕೇ ಈ ಹಗ್ಗ. ಸಮುದ್ರಕ್ಕೆ ಎಸಿ ಅದನ್ನ," ಅಂದ. ಜಟ್ಟಪ್ಪನ ಮುಖ ಕೆಂಡವಾಯಿತು. ಗೊತ್ತಾದರೆ ಮುಂದೆ ಯಾರೂ ಮದುವೆಗೆ ಕರೆಯಲಾರರೆಂದು ಹೆಂಡತಿಗೂ ಹೇಳದೆ ಮುಚ್ಚಿಟ್ಟದ್ದನ್ನು ತುಂಬಿದ ಚಪ್ಪರದಲ್ಲಿ ಕೂಗಿ ಹೇಳಿಬಿಟ್ಟ: "ಅದಕ್ಕೆ ಏನೂ ಆಗಲಿಲ್ಲ ಮಾರಾಯಾ. ಪೊರೆ ಬಂದದ್ದು ನನ್ನ ಕಣ್ಣಿಗೆ."