ಹೇಳದೆ ಹೊಡೆದ ಔಷಧಿ

ಭಾಗ್ಯಾ, ನಿಮ್ಮ ರೇಷ್ಮೆ ಹುಳುಗಳು ಸತ್ತಿದ್ದು ನಿನ್ನಿಂದಲ್ಲ, ನನ್ನಿಂದ. ಇದನ್ನು ಹೇಳಲು ನಾಲ್ಕು ವರ್ಷ ಬೇಕಾಯಿತು — ಬೇಕಾಯಿತು ಅಂದರೂ ಸುಳ್ಳು, ನಾಲ್ಕು ವರ್ಷ ಬಚ್ಚಿಟ್ಟೆ.

ಆ ಸಲ ಎಲೆ ಮುದುಡುವ ವೈರಸ್ ತಡೆಯುವ ಹೊಸ ತಳಿಯ ಟೊಮೇಟೊ ಸಸಿಗಳನ್ನು ನರ್ಸರಿಯಿಂದ ತಂದು ನೆಟ್ಟಿದ್ದೆವು. ವೈರಸ್ ಬರಲಿಲ್ಲ, ಆದರೆ ಕಾಯಿಗೆ ಹುಳು ಬಿತ್ತು. ಔಷಧಿ ಅಂಗಡಿಯವರು ಕೊಡುವಾಗಲೇ ಎಚ್ಚರಿಸಿದ್ದರಂತೆ — ಇದು ಹಿಪ್ಪುನೇರಳೆ ಸೊಪ್ಪಿನ ಮೇಲೆ ಬಿದ್ದರೆ ರೇಷ್ಮೆ ಹುಳು ಉಳಿಯುವುದಿಲ್ಲ ಎಂದು. ನಮ್ಮ ಸುಗಟೂರಿನಲ್ಲಿ ನಿಮ್ಮ ಸೊಪ್ಪಿಗೂ ನಮ್ಮ ಟೊಮೇಟೊಗೂ ನಡುವೆ ಒಂದು ಬದು ಅಷ್ಟೇ. ಅದಕ್ಕೇ ಹಿಂದಿನ ಸಂಜೆ ಪಕ್ಕದವರಿಗೆ ಹೇಳಿ ಹೊಡೆಯುವುದು ರೂಢಿ. ಸೊಪ್ಪು ಕೊಯ್ಯುವವರು ಹೆಂಗಸರಾದ್ದರಿಂದ ಹೇಳುವುದೂ ಹೆಂಗಸರ ಪಾಲು.

"ಬೆಳಿಗ್ಗೆ ಔಷಧಿ ಹೊಡೀತೀನಿ ಕಣೇ, ಮುನಿಯಮ್ಮಕ್ಕನಿಗೆ ಹೇಳ್ಬಿಟ್ಟು ಬಾ" ಎಂದರು ನಮ್ಮ ಮನೆಯವರು. ನಾನು ಹೂವು ಕಟ್ಟುತ್ತಿದ್ದೆ. ಬೆಳಿಗ್ಗೆ ಹೇಳಿದರಾಯಿತು ಅಂದುಕೊಂಡೆ. ಬೆಳಿಗ್ಗೆ ಶುಕ್ರವಾರದ ಪೂಜೆ; ಅಷ್ಟರಲ್ಲಿ ಅವರು ಔಷಧಿ ಹೊಡೆದು ಮುಗಿಸಿದ್ದರು. ದೇವರ ಮುಂದೆ ಕೂತಿದ್ದಾಗಲೇ ಕಿಟಕಿಯಲ್ಲಿ ಕಂಡೆ — ನೀನು ಬದುವಿನ ಕಡೆಯಿಂದ ಸೊಪ್ಪಿನ ಹೊರೆ ಹೊತ್ತು ಹೋಗುತ್ತಿದ್ದೆ. ಕೂಗಿದ್ದರೆ ಕೇಳಿಸುತ್ತಿತ್ತು. ಪೂಜೆಯ ನಡುವೆ ಏಳಬಾರದು ಎಂದು... ಇಲ್ಲ, ಅದು ನೆಪ. ಒಂದು ಹೊರೆಯಿಂದ ಏನಾದೀತು ಅಂದುಕೊಂಡೆ.

ಇನ್ನು ನಾಲ್ಕೇ ದಿನದಲ್ಲಿ ಗೂಡು ಕಟ್ಟಬೇಕಿದ್ದ ಹುಳುಗಳು ಸಂಜೆಯ ಹೊತ್ತಿಗೆ ಹಸಿರು ಕಕ್ಕಿ ಮುರುಟಿಕೊಂಡವು. ನಿಮ್ಮತ್ತೆ ಮುನಿಯಮ್ಮಕ್ಕ ಓಡಿ ಬಂದರು, ಹಿಂದೆಯೇ ನೀನು. "ನಿಜ ಹೇಳೇ ಸರೋಜಾ, ನಿಮ್ಮೋರು ಬೆಳಿಗ್ಗೆ ಹೊಡೆದಿದ್ದೇನು?"

"ಹುಳಿ ಮಜ್ಜಿಗೆ ಅಕ್ಕಾ" ಎಂದೆ. ಗಿಡಕ್ಕೆ ಅದನ್ನೂ ಹೊಡೆಯುವುದುಂಟು, ರೇಷ್ಮೆ ಹುಳುವಿಗೆ ಅದರಿಂದ ಕೇಡಿಲ್ಲ.

ನಂಬಿದರು — ದಿನಾ ಪೂಜೆ ಮಾಡುವವಳಲ್ಲವೇ ನಾನು. ನಂಬಿ ನಿನ್ನ ಕಡೆ ತಿರುಗಿದರು. "ಮುಟ್ಟಾಗಿ ಹುಳುಮನೆಯೊಳಕ್ಕೆ ಹೋಗಿದ್ದೀಯಲ್ಲೇ. ಲಕ್ಕೂರಲ್ಲಿ ಇಷ್ಟೂ ಹೇಳ್ಕೊಡಲಿಲ್ವಾ ನಿಮ್ಮಮ್ಮ?"

"ಇಲ್ಲತ್ತೆ, ನಾನು ಹೊರಗಾಗಿರಲಿಲ್ಲ" ಎನ್ನುತ್ತಲೇ ಇದ್ದೆ ನೀನು. ಒಮ್ಮೆ ನನ್ನ ಮುಖ ನೋಡಿದೆ. ನಾನು ಸೆರಗಿಗೆ ಕೈ ಒರೆಸಿಕೊಂಡು ಒಳಗೆ ಹೋದೆ.

ದೀಪ ಹಚ್ಚುವಾಗ ದೇವರು ಆ ದಿನ ಮಾಡಿದ ಸಣ್ಣಪುಟ್ಟ ಉಪಕಾರಗಳನ್ನು ಎಣಿಸುವುದು ನನ್ನ ಅಭ್ಯಾಸ — ನಲ್ಲಿಯಲ್ಲಿ ನೀರು ಬಂತು, ಹಸು ಒದೆಯದೆ ಹಾಲು ಕೊಟ್ಟಿತು, ಮಂಡಿ ನೋಯಲಿಲ್ಲ. ಆ ಸಂಜೆ, ಯಾರಿಗೂ ಗೊತ್ತಾಗಲಿಲ್ಲ ಎಂಬುದನ್ನೂ ಅದರಲ್ಲಿ ಸೇರಿಸಿದೆ. ಅದಕ್ಕೂ ಕೈಮುಗಿದೆ.

ಅಂದಿನಿಂದ ನಿನ್ನನ್ನು ಹುಳುಮನೆಯೊಳಗೆ ಬಿಟ್ಟಿಲ್ಲ. ಸೊಪ್ಪು ಕೊಯ್ದು ತಂದು ಬಾಗಿಲಲ್ಲಿ ಇಟ್ಟು ಹೋಗುತ್ತೀಯ. ಹುಳು ಮೇಯುವ ಸದ್ದಿನಿಂದಲೇ ಅವುಗಳ ಹಸಿವು ತಿಳಿಯುತ್ತಿದ್ದವಳು ನೀನು.

ನಾಳೆ ನಿಮ್ಮಲ್ಲಿಗೆ ಹೊಸ ಹುಳು ಬರುತ್ತವಂತೆ. ಅದಕ್ಕೆ ಮೊದಲೇ ನಾನು ಬರುತ್ತೇನೆ. ನಮ್ಮ ಮನೆಯವರೂ ಜೊತೆಗಿರಲಿ — ನಾನು ಅಂದೇ ನಿಮಗೆ ಹೇಳಿದ್ದೆನೆಂದು ಅವರು ಇಂದಿಗೂ ನಂಬಿದ್ದಾರೆ. ನಿಮ್ಮತ್ತೆಗೆ ಔಷಧಿಯ ಮಾತು ಹೇಳುತ್ತೇನೆ, ಮಜ್ಜಿಗೆಯ ಸುಳ್ಳನ್ನೂ. ಅದರ ಮೇಲೆ ಇನ್ನೊಂದು — ಭಾಗ್ಯ ಅಂದು ಹೊರಗಾಗಿದ್ದರೂ ಅವು ಸಾಯುತ್ತಿರಲಿಲ್ಲ ಅಕ್ಕಾ, ಎಂದು. ನಿಮ್ಮತ್ತೆ ನನ್ನೊಂದಿಗೆ ಮಾತು ಬಿಟ್ಟರೆ ಬಿಡಲಿ, ನೀನೂ ಬಿಡಬಹುದು.

ನೀನು ಒಳಗೆ ಹೋಗಬೇಕು.