ಏಕಾದಶಿ ದಿನ ಗುಂಡು ಹಾರಿಸದ ಅತ್ತೆ

ಸ್ಕ್ರೀನಿನ ಮೂಲೆಗೆ ಬೆನ್ನು ಕೊಟ್ಟು ನಿಂತಿದ್ದ ನನ್ನ ಪುಟ್ಟ ಮನುಷ್ಯನನ್ನು ಜೇಡಗಳು ಮುತ್ತಿಕೊಂಡು ತಿಂದು ಮುಗಿಸಿದವು. ಆ ಶನಿವಾರ ಅದು ಹನ್ನೊಂದನೇ ಸಾವು.

ಮೌಸನ್ನು ಟೇಬಲ್ಲಿಗೆ ಕುಟ್ಟಿದೆ. ಅದರದೇನು ತಪ್ಪು ಪಾಪ... ಆದರೂ ಕುಟ್ಟಿದೆ.

ಎರಡು ಸಾವಿರದ ಆಸುಪಾಸಿನ ಮಾತು ಇದು. ಸಿದ್ದಾಪುರ ಪೇಟೆಯಲ್ಲಿ ನಮ್ಮ ಮನೆಯ ಎದುರು ಕೋಣೆಯೇ ಅಣ್ಣನ ಡಿಟಿಪಿ ಅಂಗಡಿ. ಮದುವೆ ಸೀಸನ್ನಿನಲ್ಲಿ ಕಾರ್ಡ್ ಟೈಪ್ ಮಾಡಿ ಮಾಡಿ ಅವನು ಹೈರಾಣಾಗುತ್ತಿದ್ದ.

ಪಿಯುಸಿ ಪರೀಕ್ಷೆ ಮುಗಿಸಿ ಖಾಲಿ ಕೂತಿದ್ದ ನನಗೆ ಆ ಕಂಪ್ಯೂಟರಿನ ಎದುರಿನ ಕುರ್ಚಿಯ ಮೇಲೇ ಕಣ್ಣು. ಟೈಪಿಂಗ್ ಕಲಿಸು ಅಂದರೆ, "ನೀನು ಹಾಳ್ಮಾಡ್ತೆ" ಅನ್ನುವುದೊಂದೇ ಅವನ ಉತ್ತರ. ಸೋಮವಾರ ಶಿರಸಿಗೆ ಹೋಗಿ ಆಪರೇಟರ್ ಒಬ್ಬನನ್ನು ಗೊತ್ತು ಮಾಡಿಕೊಂಡು ಬರುತ್ತೇನೆ ಅಂತ ಬೇರೆ ಹೇಳಿಬಿಟ್ಟ.

ನನಗೆ ಅಳುವೇ ಬಂತು.

ನನ್ನ ಮುಖ ನೋಡಿ ಅವನೇ ಒಂದು ಪಂಥ ಕಟ್ಟಿದ. ಮ್ಯಾಗಜೀನ್ ಜೊತೆ ಬಂದ ಸಿಡಿಯಲ್ಲಿ ಒಂದು ಫ್ರೀ ಗೇಮ್ ಇತ್ತು. ಮೇಲಿನಿಂದ ನೋಡಿದ ಹಾಗೆ ಒಂದು ಬಯಲು, ನಡುವೆ ಬಂದೂಕು ಹಿಡಿದ ಒಬ್ಬ ಮನುಷ್ಯ, ನಾಲ್ಕೂ ದಿಕ್ಕಿನಿಂದ ದೈತ್ಯ ಜೇಡ, ಹಲ್ಲಿಗಳ ದಂಡು. ಎಷ್ಟು ಹೊತ್ತು ಬದುಕಿರುತ್ತೀಯೋ ಅಷ್ಟೇ ಸ್ಕೋರ್.

ಅಣ್ಣನ ದಾಖಲೆ ಒಂಬತ್ತು ನಿಮಿಷ. ಭಾನುವಾರ ಮುಗಿಯುವುದರೊಳಗೆ ಅದನ್ನು ಮುರಿದರೆ ಟೈಪಿಂಗ್ ಕಲಿಸಿ ಆ ಕುರ್ಚಿ ನನಗೇ ಕೊಡುತ್ತಾನಂತೆ! ಅವನು ಮಧ್ಯಾಹ್ನ ಉಂಡು ಮಲಗುವ ಒಂದು ಗಂಟೆ ಮಾತ್ರ ನನ್ನ ಪಾಲಿಗೆ.

ನಾನು ಎರಡು ನಿಮಿಷ ದಾಟಿದ್ದರೆ ಕೇಳಿ.

ಆ ಹನ್ನೊಂದನೇ ಸಾವನ್ನು ಕಣ್ಣಾರೆ ಕಂಡವಳು ನಮ್ಮತ್ತೆ, ಅಪ್ಪನ ಅಕ್ಕ. ಮೊಣಕಾಲು ನೋವಿಗೆ ಔಷಧಿ ಮಾಡಿಸಲು ಹುಲಗೋಳದಿಂದ ಬಂದು ನಮ್ಮಲ್ಲಿ ಉಳಿದಿದ್ದಳು. ನೆಲಕ್ಕೆ ಕೂರಲಾಗದ್ದಕ್ಕೆ ಗಿರಾಕಿಗಳ ಕುರ್ಚಿಯಲ್ಲಿ ಕೂತು ಬತ್ತಿ ಹೊಸೆಯುತ್ತಿದ್ದಳು.

"ಮೂಲೆಲಿ ನಿತ್ಗಂಡು ಎಂತಕ್ಕೆ ಸಾಯ್ತೆ ಕೂಸೆ? ಓಡು!" ಅಂದಳು.

ಹೇಳುವುದು ಸುಲಭ ಅತ್ತೆ, ನೀನೇ ಆಡಿ ನೋಡು ಅಂತ ಸಿಟ್ಟಿನಲ್ಲೇ ಅಂದುಬಿಟ್ಟೆ. ಅವಳು ಬತ್ತಿ ಬದಿಗಿಟ್ಟು ಕುರ್ಚಿ ಎಳೆದುಕೊಂಡು ಬಂದೇಬಿಟ್ಟಳು!

ಬಾಣದ ಗುರುತಿನ ಕೀ ಒತ್ತಿದರೆ ಓಡುತ್ತದೆ, ಮೌಸ್ ಒತ್ತಿದರೆ ಗುಂಡು ಹಾರುತ್ತದೆ ಅಂತ ತೋರಿಸಿದೆ. ಅತ್ತೆ ಮೌಸನ್ನು ಮುಟ್ಟಲೇ ಇಲ್ಲ.

"ಇವತ್ತು ಏಕಾದಶಿ. ಆನು ಯಾವ್ದನ್ನೂ ಕೊಲ್ತ್ನಿಲ್ಲೆ."

ಅತ್ತೆ, ಅದು ಗೇಮು! ಊಹೂಂ... ಏಕಾದಶಿ ಅಂದರೆ ಏಕಾದಶಿ.

ಹಾಗೆ ಒಂದೂ ಗುಂಡು ಹಾರಿಸದೆ ಓಡಿದಳು ನೋಡಿ. ಬಯಲಿನ ಸುತ್ತ ದೊಡ್ಡ ಸುತ್ತು ಹಾಕುತ್ತಾಳೆ, ಜೇಡಗಳೆಲ್ಲ ದಿಬ್ಬಣದವರ ಹಾಗೆ ಹಿಂದೆ ಹಿಂದೆ ಬರುತ್ತವೆ, ಮುಂದಿನ ದಾರಿ ಖಾಲಿ!

ನಾಲ್ಕು ನಿಮಿಷ. ಗುಂಡು ಹಾರಿಸುತ್ತಿದ್ದ ನನ್ನದರ ಎರಡು ಪಟ್ಟು.

ನನಗೆ ನಗು ತಡೆಯಲಾಗಲಿಲ್ಲ, ನಾಚಿಕೆಯೂ ಆಯಿತು. ಅತ್ತೆಯ ಮುಖ ಮಾತ್ರ ಕೆಂಪೇರಿತ್ತು. "ಓಡದ್ದೆ ಎಷ್ಟು ವರ್ಷ ಆಗಿತ್ತೇನ" ಅಂತ ತನ್ನಷ್ಟಕ್ಕೇ ಅಂದುಕೊಂಡಳು.

ಮಾರನೇ ದಿನ ಭಾನುವಾರ, ದ್ವಾದಶಿ. ಅಣ್ಣ ಉಂಡು ಒಳಗೆ ಗೊರಕೆ ಶುರು ಮಾಡಿದ್ದೇ ತಡ, ಅತ್ತೆ ನನಗಿಂತ ಮೊದಲೇ ಅಂಗಡಿಯಲ್ಲಿ ಹಾಜರ್.

"ಇವತ್ತು ಹೊಡಿಲಕ್ಕು."

ಆದರೆ ಮೌಸ್ ಹಿಡಿದರೆ ಅವಳ ಕೈ ಟೇಬಲ್ ದಾಟಿ ಗೋಡೆಗೇ ಹೋಗುತ್ತದೆ! ಕೊನೆಗೆ ಓಡುವುದು ಅತ್ತೆ, ಹೊಡೆಯುವುದು ನಾನು ಅಂತಾಯಿತು. ಅವಳ ಒಂದು ಕೈ ಕೀಗಳ ಮೇಲೆ, ಇನ್ನೊಂದು ಮೊಣಕಾಲಿನ ಮೇಲೆ.

ಅತ್ತೆ ಸುತ್ತು ಹಾಕುತ್ತಾಳೆ, ದಂಡು ಒಂದು ಕಡೆ ಸೇರುತ್ತದೆ, ನಾನು ಹಿಂದಕ್ಕೆ ಗುರಿಯಿಟ್ಟು ಬಾರಿಸುತ್ತೇನೆ. ಗುಂಡು ತುಂಬಿಕೊಳ್ಳುವಷ್ಟು ಹೊತ್ತು ಮತ್ತೆ ಓಟ. ದೊಡ್ಡ ಬಂದೂಕು ಬಿದ್ದಿದ್ದರೂ ಗುಂಪಿನ ನಡುವೆ ಇದ್ದರೆ ಅದರ ಆಸೆ ಬಿಟ್ಟುಬಿಡಬೇಕು. ನಿಂತರೆ ಸತ್ತೆವು... ಈ ಆಟದ ಗುಟ್ಟು ಇಷ್ಟೇ ಕಣ್ರೀ!

ಎಂಟನೇ ನಿಮಿಷಕ್ಕೆ ಕರೆಂಟು ಹೋಯಿತು.

ಯುಪಿಎಸ್ ಕುಂಯ್ ಕುಂಯ್ ಅಂತ ಕೂಗಲು ಶುರು. ಆ ಸದ್ದಿಗೆ ಅಣ್ಣ, ಮದುವೆ ಕಾರ್ಡಿನ ಫೈಲ್ ಹೋಯಿತೆಂದು ಲುಂಗಿ ಕಟ್ಟಿಕೊಳ್ಳುತ್ತಾ ಓಡಿ ಬಂದ. ನೋಡಿದರೆ ಅತ್ತೆ ತುಟಿ ಕಚ್ಚಿಕೊಂಡು ಜೇಡಗಳಿಂದ ತಪ್ಪಿಸಿಕೊಳ್ಳುತ್ತಿದ್ದಾಳೆ! ಆಫ್ ಮಾಡಿ ಅನ್ನಲು ಬಾಯಿ ತೆರೆದವನು ಸ್ಕ್ರೀನಿನ ಗಡಿಯಾರ ಕಂಡು ಹಾಗೇ ನಿಂತ.

ಎಂಟೂವರೆ... ಎಂಟೂ ಮುಕ್ಕಾಲು... ಒಂಬತ್ತು! ಒಂಬತ್ತೂ ಕಾಲು!

ಆಮೇಲೆ ಜೇಡಗಳು ನಮ್ಮನ್ನು ತಿಂದವು. ತಿನ್ನಲಿ ಬಿಡಿ.

ಗೇಮ್ ಹೆಸರು ಕೇಳಿತು. ಒಂದೊಂದೇ ಅಕ್ಷರ ಹುಡುಕಿ ಇಂಗ್ಲಿಷಿನಲ್ಲಿ "ಅತ್ತೆ" ಅಂತ ಒತ್ತಿದೆ. ಅಣ್ಣನ ಹೆಸರು ಒಂದು ಮೆಟ್ಟಿಲು ಕೆಳಗಿಳಿಯಿತು.

"ಆಗ್ತಿಲ್ಲೆ, ಆಗ್ತಿಲ್ಲೆ! ಇಬ್ರು ಸೇರ್ಕ್ಯಂಡು ಆಡಿದ್ದು ಲೆಕ್ಕಕ್ಕಿಲ್ಲೆ" ಅಂತ ಅಣ್ಣ ರಾಗ ಎಳೆದ.

ಅತ್ತೆ ತಿರುಗಿಯೂ ನೋಡಲಿಲ್ಲ. "ತಮಾ, ನೀನು ಎಷ್ಟು ಕೈಲಿ ಆಡಿದ್ದು?"

"ಎರಡು."

"ಯಂಗಳದ್ದೂ ಎರಡೇ."

ಸೋಮವಾರ ಅಣ್ಣ ಶಿರಸಿಗೆ ಹೋಗಲಿಲ್ಲ, ನಾನು ಆ ಕುರ್ಚಿಯಲ್ಲಿ ಕೂತು ಮೊದಲ ಲಗ್ನಪತ್ರಿಕೆ ಟೈಪ್ ಮಾಡಿದೆ, ತಪ್ಪುಗಳ ಸಮೇತ.

ನಿಮಗೆ ಬೇಕಾದ ಕುರ್ಚಿಗಾಗಿ ನಿಮ್ಮ ಜೊತೆ ಹೀಗೆ ಒಂದು ಕೈ ಜೋಡಿಸಿದವರು ಯಾರು?